ರಾಜ್ಯಶಾಸ್ತ್ರ ಓದಿ ಏನ್ ಮಾಡ್ತೀಯಾ?

ಹೋದ ವರ್ಷ ಸೆಕೆಂಡ್ ಪಿಯುಸಿ ರಿಸಲ್ಟ್ ಬಂದು ಎರಡು ದಿನ ಆಗಿತ್ತು. ನಾನು ಹಾಸ್ಟೆಲ್ ರೂಮಲ್ಲಿ ಸರ್ವೇ ಕ್ಯಾಂಪಿನ ಡ್ರಾಯಿಂಗ್ ಶೀಟ್ ಹರಡಿಕೊಂಡು ಕೂತಿದ್ದೆ. ಅಪ್ಪನ ಫೋನ್ ಬಂತು.

"ನಿನ್ನ ತಂಗಿಗೆ ಸ್ವಲ್ಪ ಬುದ್ಧಿ ಹೇಳಪ್ಪ. ಸೈನ್ಸಲ್ಲಿ ತೊಂಬತ್ತೊಂದು ಪರ್ಸೆಂಟ್ ತಗೊಂಡು ಬಿಎ ಮಾಡ್ತಾಳಂತೆ. ರಾಜ್ಯಶಾಸ್ತ್ರ ಅಂತೆ."

ಕೊನೆಯ ಮಾತನ್ನು ಅಪ್ಪ ಹೇಳಿದ ಧಾಟಿ ಕೇಳಿದರೆ, ಸಾಲ ವಸೂಲಿಗೆ ಯಾರೋ ಬಾಗಿಲಿಗೆ ಬಂದು ನಿಂತಿದ್ದಾರೇನೋ ಅನ್ನಿಸುವ ಹಾಗಿತ್ತು. ಮನೆಯಲ್ಲಿ ಮೊದಲು ಇಂಜಿನಿಯರಿಂಗ್ ಸೇರಿದವನು ನಾನು. ಹಾಗಾಗಿ ಓದಿನ ವಿಷಯದಲ್ಲಿ ನನ್ನ ಮಾತು ನಡೆಯುತ್ತೆ ಅಂತ ಅಪ್ಪನಿಗೆ ನಂಬಿಕೆ. ನನಗೂ ಇತ್ತು ಅನ್ನಿ. ಶೀಟ್ ಪಕ್ಕಕ್ಕಿಟ್ಟು, ಗಂಟಲು ಸರಿಮಾಡಿಕೊಂಡು, ತಂಗಿಗೆ ಫೋನ್ ಹಚ್ಚಿದೆ. ನಾವೆಲ್ಲ ಆರ್ಟ್ಸ್ ಹುಡುಗರಿಗೆ ಕೇಳುವ ಆ ಪ್ರಶ್ನೆಯನ್ನೇ ಕೇಳಿದೆ: "ರಾಜ್ಯಶಾಸ್ತ್ರ ಓದಿ ಏನ್ ಮಾಡ್ತೀಯಾ?"

ಅವಳು ಜಗಳ ಆಡಲಿಲ್ಲ. "ಅಣ್ಣ, ಈಗೇನು ಮಾಡ್ತಿದೀಯ?" ಅಂದಳು. ಸರ್ವೇ ಕ್ಯಾಂಪಿನ ಡ್ರಾಯಿಂಗ್, ಹೊಸ ಕೆರೆ ಪ್ರಾಜೆಕ್ಟು ಅಂದೆ. "ಆ ಕೆರೆ ಕಟ್ಟಿದ್ರೆ ಯಾರ ಜಮೀನು ಮುಳುಗುತ್ತೆ, ನೀರು ಯಾರಿಗೆ ಹೋಗುತ್ತೆ, ಅದನ್ನ ತೀರ್ಮಾನ ಮಾಡೋದು ಯಾರು, ಇದೆಲ್ಲ ನಿಮ್ಮ ಯಾವ ಸಬ್ಜೆಕ್ಟಲ್ಲಿ ಬರುತ್ತೆ?" ಅಂತ ಕೇಳಿದಳು.

ನನ್ನ ಹತ್ತಿರ ಉತ್ತರ ಇರಲಿಲ್ಲ. "ಅದೆಲ್ಲ ಸರ್ಕಾರ ನೋಡ್ಕೊಳ್ಳುತ್ತೆ ಕಣೇ" ಅಂದೆ. "ಹಂಗಾದ್ರೆ ಆ ಸರ್ಕಾರ ಹೆಂಗೆ ನೋಡ್ಕೊಳ್ಳುತ್ತೆ ಅಂತ ನಾನು ಓದ್ತೀನಿ ಬಿಡು" ಅಂದಳು.

ಸಿವಿಲ್‌ನವರಿಗೆ ಸರ್ವೇ ಕ್ಯಾಂಪ್ ಗೊತ್ತು. ಉಳಿದ ಬ್ರಾಂಚಿನವರಿಗೆ ಹೇಳಬೇಕು ಅಂದರೆ, ಯಾವುದೋ ಒಂದು ಹಳ್ಳಿಗೆ ಹೋಗಿ, ಅಲ್ಲಿ ಕೆರೆ ಕಟ್ಟಬಹುದಾ, ರಸ್ತೆ ಎಳೆಯಬಹುದಾ, ಕುಡಿಯುವ ನೀರು ಕೊಡಬಹುದಾ ಅಂತ ಅಳತೆ ಮಾಡಿ ಡ್ರಾಯಿಂಗ್ ಮಾಡುವುದು. ನಾವು ಹೋದ ಊರಲ್ಲಿ ಮೂರನೇ ದಿನ ಒಬ್ಬರು ಅಜ್ಜ ಬದುವಿನ ಮೇಲೆ ನಿಂತು ನಮ್ಮನ್ನೇ ನೋಡುತ್ತಿದ್ದರು. ಆಮೇಲೆ ಹತ್ತಿರ ಬಂದು, "ಸಾರ್, ನಮ್ ಹೊಲ ಹೋಗ್ತದಾ?" ಅಂದರು. ಇಪ್ಪತ್ತೊಂದು ವರ್ಷದ ಹುಡುಗನನ್ನು ಅವರು ಸಾರ್ ಅಂದದ್ದಕ್ಕೇ ನಮ್ಮ ಬ್ಯಾಚಿನವರು ನಕ್ಕರು. "ಇಲ್ಲ ಅಜ್ಜ, ಇದು ಬರೀ ಪರೀಕ್ಷೆಗೆ" ಅಂದೆ. ಅಜ್ಜ ನಂಬಲಿಲ್ಲ. ಲೆವೆಲಿಂಗ್ ಸ್ಟಾಫ್ ಹಿಡಿದುಕೊಂಡು ಬಂದವರು ಎಂದೂ ಸುಮ್ಮನೆ ಬಂದದ್ದನ್ನು ಅವರು ನೋಡಿಲ್ಲ ಅಂತ ಕಾಣುತ್ತದೆ. ನಾವು ಹೊರಡುವವರೆಗೂ ಅವರು ಅಲ್ಲೇ ನಿಂತಿದ್ದರು.

ಅವತ್ತು ನಕ್ಕಿದ್ದು ತಂಗಿ ಆ ಪ್ರಶ್ನೆ ಕೇಳಿದ ರಾತ್ರಿ ನೆನಪಾಯಿತು. ಅಜ್ಜ ಕೇಳಿದ್ದೂ ಅವಳು ಕೇಳಿದ್ದೂ ಒಂದೇ. ನೀರು ಎಷ್ಟು ನಿಲ್ಲುತ್ತೆ ಅಂತ ನಾನು ಲೆಕ್ಕ ಹಾಕಬಲ್ಲೆ. ಕೋಡಿಯ ಉದ್ದ ಎಷ್ಟಿರಬೇಕು ಅಂತ ಹೇಳಬಲ್ಲೆ. ಯಾರ ಹೊಲ, ಯಾರ ನೀರು, ಯಾರ ಮಾತು ಅನ್ನೋದು ನನ್ನ ನಾಲ್ಕು ವರ್ಷದ ಸಿಲಬಸ್ಸಲ್ಲಿ ಎಲ್ಲೂ ಇಲ್ಲ.

ಈ ಲೇಖನದಲ್ಲಿ ನಾನು ಹೇಳಬೇಕು ಅಂತಿರೋದು ಇಷ್ಟೇ: ರಾಜ್ಯಶಾಸ್ತ್ರ ಅನ್ನೋದು ನಾವು ಅಂದುಕೊಂಡ ಹಾಗೆ ಮಾರ್ಕ್ಸ್ ಬಾರದವರು ಸೇರುವ ಕೋರ್ಸಲ್ಲ, ಟಿವಿ ಚರ್ಚೆಯೂ ಅಲ್ಲ. ನಾವು ಕಟ್ಟುವ ಪ್ರತಿಯೊಂದರ ಇನ್ನೊಂದು ಅರ್ಧ ಅಲ್ಲಿದೆ. ಅದನ್ನು ಓದಲು ಹೊರಟವರನ್ನು ತಡೆಯುವ ಮೊದಲು, ಅದು ಏನು ಅಂತ ನಾವು ಸ್ವಲ್ಪವಾದರೂ ತಿಳಿದುಕೊಳ್ಳಬೇಕು.

ಮೊದಲನೇ ಗೊಂದಲ ಪದದ್ದೇ. ಕನ್ನಡದಲ್ಲಿ "ರಾಜಕೀಯ" ಅನ್ನೋ ಪದಕ್ಕೆ ಒಳ್ಳೆ ಹೆಸರಿಲ್ಲ. "ಇಲ್ಲೂ ರಾಜಕೀಯ ಮಾಡಬೇಡ" ಅಂತೀವಿ. "ಅವನು ದೊಡ್ಡ ರಾಜಕೀಯದವನು" ಅಂದರೆ ಹೊಗಳಿಕೆ ಅಲ್ಲ. ನಮ್ಮ ಕ್ಲಾಸ್ ವಾಟ್ಸಾಪ್ ಗ್ರೂಪಿನ ಮೊದಲ ನಿಯಮವೇ ಪಾಲಿಟಿಕ್ಸ್ ಬೇಡ ಅಂತ. ಹಾಗಾಗಿ ರಾಜ್ಯಶಾಸ್ತ್ರ ಅಂದ ತಕ್ಷಣ ಆ ಕೆಸರನ್ನೇ ಓದುವುದು ಅಂದುಕೊಳ್ಳುತ್ತೇವೆ. ಜಗಳ ಮಾಡುವುದು ಬೇರೆ, ಜಗಳ ಯಾಕೆ ಆಗುತ್ತೆ ಮತ್ತು ಯಾವ ನಿಯಮ ಇದ್ದರೆ ಅದು ಹೊಡೆದಾಟಕ್ಕೆ ಹೋಗದೆ ಬಗೆಹರಿಯುತ್ತೆ ಅಂತ ಓದುವುದು ಬೇರೆ. ಅಮೆರಿಕದ ಹೆರಾಲ್ಡ್ ಲಾಸ್‌ವೆಲ್ ಅನ್ನುವ ರಾಜ್ಯಶಾಸ್ತ್ರಜ್ಞ 1936ರಲ್ಲಿ ಬರೆದ ಪುಸ್ತಕದ ಹೆಸರಲ್ಲೇ ಈ ವಿಷಯದ ಹೂರಣ ಇದೆ: ಯಾರಿಗೆ ಏನು, ಯಾವಾಗ, ಹೇಗೆ ಸಿಗುತ್ತದೆ ಅನ್ನೋದು. ಅಜ್ಜನ ಪ್ರಶ್ನೆಯೂ ಅದೇ ಅಲ್ವಾ?

ತಂಗಿಯ ಸಿಲಬಸ್ ತರಿಸಿಕೊಂಡು ನೋಡಿದೆ. ಪ್ಲೇಟೋ, ಅರಿಸ್ಟಾಟಲ್, ಕೌಟಿಲ್ಯ, ಮೆಕಿಯಾವೆಲ್ಲಿಯಿಂದ ಗಾಂಧಿ, ಅಂಬೇಡ್ಕರ್‌ವರೆಗೆ ರಾಜಕೀಯ ಚಿಂತನೆ ಒಂದು ಕಡೆ. ಭಾರತದ ಸಂವಿಧಾನ ಮತ್ತು ಸರ್ಕಾರ ಇನ್ನೊಂದು ಕಡೆ. ಬೇರೆ ಬೇರೆ ದೇಶದ ಸರ್ಕಾರಗಳನ್ನು ಪಕ್ಕಪಕ್ಕ ಇಟ್ಟು ನೋಡುವುದು, ಅಂತರರಾಷ್ಟ್ರೀಯ ಸಂಬಂಧ, ಸಾರ್ವಜನಿಕ ಆಡಳಿತ, ಸ್ಥಳೀಯ ಸರ್ಕಾರ. ನಾನು ಇದನ್ನೆಲ್ಲ ಜಿಕೆ ಅಂದುಕೊಂಡಿದ್ದೆ. ಓದುತ್ತಾ ಹೋದ ಹಾಗೆ ಮೂರು ಕಡೆ ನನ್ನ ತಲೆ ಕೆಟ್ಟಿತು. ಆ ಮೂರನ್ನು ನಿಮಗೂ ಹೇಳುತ್ತೇನೆ.

ಮೊದಲನೆಯದು ನಮ್ಮ ಸಿವಿಲ್‌ನವರದ್ದೇ. ಕೆಆರ್‌ಎಸ್ ಅಂದರೆ ನಮಗೆ ಸರ್ ಎಂವಿ ನೆನಪಾಗುತ್ತಾರೆ, ತಾನಾಗಿಯೇ ತೆರೆದು ಮುಚ್ಚುವ ಗೇಟು ನೆನಪಾಗುತ್ತದೆ. ಇಂಜಿನಿಯರ್ಸ್ ಡೇ ದಿನ ಪ್ರತಿ ವರ್ಷ ಅದೇ ಭಾಷಣ. ಆದರೆ ಆ ಅಣೆಕಟ್ಟು ಎಷ್ಟು ಎತ್ತರ ಇರಬೇಕು ಅನ್ನೋದು ಬರೀ ಡ್ರಾಯಿಂಗ್ ಟೇಬಲ್ಲಿನ ಮೇಲೆ ತೀರ್ಮಾನ ಆದದ್ದಲ್ಲ. 1892ರ ಒಪ್ಪಂದದ ಪ್ರಕಾರ ಕಾವೇರಿಗೆ ಹೊಸ ಅಣೆಕಟ್ಟು ಕಟ್ಟಬೇಕಾದರೆ ಮೈಸೂರು ಸಂಸ್ಥಾನ ಮದ್ರಾಸ್ ಸರ್ಕಾರದ ಒಪ್ಪಿಗೆ ಪಡೆಯಬೇಕಿತ್ತು. ಕೆಲಸ ಶುರುವಾದ ಮೇಲೂ ವರ್ಷಗಟ್ಟಲೆ ತಕರಾರು ನಡೆಯಿತು. ಕೊನೆಗೆ 1924ರಲ್ಲಿ ಇನ್ನೊಂದು ಒಪ್ಪಂದ ಆದ ಮೇಲೆ ಪೂರ್ತಿ ಎತ್ತರದ ವಿಷಯ ಇತ್ಯರ್ಥ ಆಯಿತು. ಆ ಒಪ್ಪಂದದ ವಾದ ಅಲ್ಲಿಗೂ ಮುಗಿಯಲಿಲ್ಲ. 1990ರಲ್ಲಿ ನ್ಯಾಯಮಂಡಳಿ ರಚನೆ ಆಯಿತು, 2007ರಲ್ಲಿ ಅದರ ಅಂತಿಮ ತೀರ್ಪು ಬಂತು, 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕದ ಪಾಲನ್ನು 270 ಟಿಎಂಸಿಯಿಂದ 284.75 ಟಿಎಂಸಿಗೆ ಏರಿಸಿತು. ಹೆಚ್ಚಾದ 14.75ರಲ್ಲಿ 4.75 ಟಿಎಂಸಿ ಬೆಂಗಳೂರಿನ ಕುಡಿಯುವ ನೀರು ಮತ್ತು ಮನೆಬಳಕೆಗೆ ಅಂತ ಲೆಕ್ಕ ಹಾಕಿದ್ದು.

ಹೈಡ್ರಾಲಜಿಯಲ್ಲಿ ಎ ಪ್ಲಸ್ ತೆಗೆದ ನಾನು ಈ ನಾಲ್ಕೂಮುಕ್ಕಾಲು ಟಿಎಂಸಿ ಎಲ್ಲಿಂದ ಬಂತು ಅಂತ ಹೇಳಲಾರೆ. ಮಳೆ ಎಷ್ಟು, ಹರಿವು ಎಷ್ಟು ಅನ್ನೋದು ನನಗೆ ಗೊತ್ತು. ಹಂಚುವ ಸೂತ್ರ ಪ್ರಕೃತಿಯಲ್ಲಿ ಇಲ್ಲ. ಮೊದಲು ಬಳಸಿದವನಿಗೆ ಹಕ್ಕು ಹೆಚ್ಚಾ, ನದಿ ಹುಟ್ಟಿದ ನಾಡಿಗೆ ಹೆಚ್ಚಾ, ಬೆಳೆಗೆ ಮೊದಲಾ, ಕುಡಿಯೋಕೆ ಮೊದಲಾ? ಸಂಸ್ಥಾನ ಇದ್ದಾಗ ಮಾಡಿಕೊಂಡ ಒಪ್ಪಂದ ಗಣರಾಜ್ಯ ಬಂದ ಮೇಲೂ ನಡೆಯುತ್ತಾ? ಒಕ್ಕೂಟ ವ್ಯವಸ್ಥೆ ಅಂದರೆ ಏನು ಅಂತ ರಾಜ್ಯಶಾಸ್ತ್ರದ ಕ್ಲಾಸಲ್ಲಿ ಓದುವುದು ಈ ಪ್ರಶ್ನೆಗಳನ್ನು. ಕಾವೇರಿ ಗಲಾಟೆ ಆದಾಗ ರಜೆ ಸಿಕ್ಕಿತು ಅಂತ ಖುಷಿಪಟ್ಟವರು ನಾವು.

ಎರಡನೆಯದು ಸಿಎಸ್, ಎಲೆಕ್ಟ್ರಾನಿಕ್ಸ್‌ನವರಿಗೆ. ಹಾಸ್ಟೆಲ್ ಮೆಸ್ಸಿನಿಂದ ಶುರುಮಾಡೋಣ. ಭಾನುವಾರದ ತಿಂಡಿಗೆ ದೋಸೆ, ಇಡ್ಲಿ, ಉಪ್ಪಿಟ್ಟು ಮೂರರಲ್ಲಿ ಒಂದು. ಮೂರು ಜನ ಇದ್ದಾರೆ ಅಂದುಕೊಳ್ಳಿ. ಒಬ್ಬನಿಗೆ ಮೊದಲು ದೋಸೆ, ಆಮೇಲೆ ಇಡ್ಲಿ, ಕೊನೆಗೆ ಉಪ್ಪಿಟ್ಟು. ಎರಡನೆಯವನಿಗೆ ಇಡ್ಲಿ, ಉಪ್ಪಿಟ್ಟು, ದೋಸೆ. ಮೂರನೆಯವನಿಗೆ ಉಪ್ಪಿಟ್ಟು, ದೋಸೆ, ಇಡ್ಲಿ (ಇಂಥವನೂ ಒಬ್ಬ ಇರುತ್ತಾನೆ). ಈಗ ಎರಡೆರಡನ್ನೇ ಇಟ್ಟು ಓಟು ಹಾಕಿಸಿ. ದೋಸೆಗೂ ಇಡ್ಲಿಗೂ ಇಟ್ಟರೆ ದೋಸೆ ಗೆಲ್ಲುತ್ತೆ, ಎರಡಕ್ಕೆ ಒಂದು. ಇಡ್ಲಿಗೂ ಉಪ್ಪಿಟ್ಟಿಗೂ ಇಟ್ಟರೆ ಇಡ್ಲಿ, ಎರಡಕ್ಕೆ ಒಂದು. ದೋಸೆ ಇಡ್ಲಿಗಿಂತ ಮೇಲೆ, ಇಡ್ಲಿ ಉಪ್ಪಿಟ್ಟಿಗಿಂತ ಮೇಲೆ ಅಂದ ಮೇಲೆ ದೋಸೆ ಉಪ್ಪಿಟ್ಟನ್ನು ಸೋಲಿಸಲೇಬೇಕು ತಾನೇ? ಓಟು ಹಾಕಿಸಿ ನೋಡಿ, ಉಪ್ಪಿಟ್ಟು ಗೆಲ್ಲುತ್ತೆ, ಎರಡಕ್ಕೆ ಒಂದು. ಮೂರೂ ಜನ ಸರಿಯಾಗಿಯೇ ಯೋಚಿಸಿದ್ದಾರೆ, ಯಾರೂ ಮೋಸ ಮಾಡಿಲ್ಲ. ಆದರೂ "ಎಲ್ಲರ ಇಷ್ಟ" ಅನ್ನೋದು ಸುತ್ತು ಹೊಡೆಯುತ್ತಾ ಇದೆ. ಯಾವುದನ್ನು ಮೊದಲು ಓಟಿಗೆ ಹಾಕಬೇಕು ಅಂತ ತೀರ್ಮಾನ ಮಾಡುವ ಮೆಸ್ ಸೆಕ್ರೆಟರಿಯ ಕೈಯಲ್ಲಿ ಫಲಿತಾಂಶ ಇದೆ.

ಇದನ್ನು ಫ್ರಾನ್ಸಿನ ಕಾಂಡೋರ್ಸೆ 1785ರಲ್ಲೇ ಬರೆದಿದ್ದ. 1951ರಲ್ಲಿ ಕೆನೆತ್ ಆರೋ ಇನ್ನೂ ಮುಂದೆ ಹೋಗಿ, ಮೂರು ಅಥವಾ ಹೆಚ್ಚು ಆಯ್ಕೆ ಇದ್ದು, ಜನ ಅವನ್ನು ತಮ್ಮ ಇಷ್ಟದ ಕ್ರಮದಲ್ಲಿ ಜೋಡಿಸಿ ಕೊಟ್ಟಾಗ, ನಾವು ನ್ಯಾಯ ಅಂತ ಒಪ್ಪುವ ಕೆಲವು ಷರತ್ತುಗಳನ್ನು ಒಟ್ಟಿಗೆ ಪೂರೈಸುವ ಮತದಾನದ ಸೂತ್ರ ಸರ್ವಾಧಿಕಾರ ಬಿಟ್ಟರೆ ಬೇರೆ ಇಲ್ಲ ಅಂತ ಗಣಿತದಲ್ಲೇ ಸಾಧಿಸಿ ತೋರಿಸಿದ. ಪ್ರಮೇಯ, ಸಾಧನೆ, ಎಲ್ಲಾ ಇದೆ. ಇದನ್ನು ರಾಜ್ಯಶಾಸ್ತ್ರದವರೂ ಅರ್ಥಶಾಸ್ತ್ರದವರೂ ಓದುತ್ತಾರೆ. ಡಿಸ್ಕ್ರೀಟ್ ಮ್ಯಾಥ್ಸ್ ಓದಿದ ನಮಗೆ ಯಾರೂ ಹೇಳಿರಲಿಲ್ಲ.

ಇದು ಬರೀ ಒಗಟು ಅನ್ನಬೇಡಿ. ಸೂತ್ರ ಎಷ್ಟು ಮುಖ್ಯ ಅನ್ನೋದಕ್ಕೆ 2018ರ ನಮ್ಮ ವಿಧಾನಸಭಾ ಚುನಾವಣೆ ತಗೊಳ್ಳಿ. ಮೇ ತಿಂಗಳಲ್ಲಿ 222 ಕ್ಷೇತ್ರಗಳ ಫಲಿತಾಂಶ ಬಂತು. ಕಾಂಗ್ರೆಸ್ಸಿಗೆ ಸುಮಾರು ಶೇ 38 ಮತ, ಬಿಜೆಪಿಗೆ ಸುಮಾರು ಶೇ 36. ಸೀಟು ನೋಡಿದರೆ ಬಿಜೆಪಿಗೆ 104, ಕಾಂಗ್ರೆಸ್ಸಿಗೆ 78. ನೀವು ಯಾವ ಪಕ್ಷದವರಾದರೂ ಇರಿ, ಇದರಲ್ಲಿ ಯಾರ ಕಳ್ಳತನವೂ ಇಲ್ಲ. ಕ್ಷೇತ್ರಕ್ಕೊಬ್ಬ, ಹೆಚ್ಚು ಓಟು ಬಂದವನು ಗೆದ್ದ ಅನ್ನೋ ಸೂತ್ರದಲ್ಲಿ ಓಟು ಎಷ್ಟು ಅನ್ನೋದರ ಜೊತೆ ಅದು ಎಲ್ಲೆಲ್ಲಿ ಹರಡಿದೆ ಅನ್ನೋದೂ ಲೆಕ್ಕಕ್ಕೆ ಬರುತ್ತದೆ. ಮತಯಂತ್ರ ತಯಾರು ಮಾಡುವುದು ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್. ಅಲ್ಲಿ ಕೆಲಸಕ್ಕೆ ಹೋಗಬೇಕು ಅಂತ ನಮ್ಮ ಎಲೆಕ್ಟ್ರಾನಿಕ್ಸ್ ಗೆಳೆಯರು ಆಸೆಪಡುತ್ತಾರೆ, ಒಳ್ಳೆಯದೇ. ಆದರೆ ಆ ಯಂತ್ರದಿಂದ ಹೊರಗೆ ಬಂದ ಎಣಿಕೆಯನ್ನು ಸರ್ಕಾರವಾಗಿ ಬದಲಾಯಿಸುವ ಅಲ್ಗಾರಿದಮ್ ಇನ್ನೊಂದು ಇದೆ. ಆ ಅಲ್ಗಾರಿದಮ್ಮನ್ನು ಓದುವ ಡಿಪಾರ್ಟ್ಮೆಂಟ್ ನಮ್ಮ ಕಾಲೇಜಲ್ಲಿ ಇಲ್ಲ.

ಮೂರನೆಯದು "ಶಾಸ್ತ್ರ ಅಂತೀರಲ್ಲ, ಲ್ಯಾಬ್ ಎಲ್ಲಿದೆ?" ಅನ್ನೋರಿಗೆ. ನಮ್ಮ ಮೆಟೀರಿಯಲ್ ಟೆಸ್ಟಿಂಗ್ ಲ್ಯಾಬಲ್ಲಿ ಎರಡು ಥರ ಕಾಂಕ್ರೀಟ್ ಕ್ಯೂಬ್ ಮಾಡಿ, ಒಂದಕ್ಕೆ ಮಾತ್ರ ಫ್ಲೈ ಆ್ಯಶ್ ಸೇರಿಸಿ, 28 ದಿನ ಕ್ಯೂರಿಂಗ್ ಆದ ಮೇಲೆ ಒಡೆದು ನೋಡುತ್ತೇವೆ. ಉಳಿದದ್ದೆಲ್ಲ ಒಂದೇ ಇದ್ದರೆ ತಾನೇ ವ್ಯತ್ಯಾಸ ಫ್ಲೈ ಆ್ಯಶಿಂದ ಬಂತು ಅನ್ನಬಹುದು. ಊರುಗಳನ್ನು ಹಾಗೆ ಕ್ಯೂಬ್ ಮಾಡೋಕಾಗಲ್ಲ. ಆದರೆ 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿ ಹೆಚ್ಚು ಕಡಿಮೆ ಅದನ್ನೇ ಮಾಡಿಬಿಟ್ಟಿತು. ಪಂಚಾಯಿತಿ ಅಧ್ಯಕ್ಷ ಸ್ಥಾನದಲ್ಲಿ ಮೂರರಲ್ಲಿ ಒಂದು ಮಹಿಳೆಯರಿಗೆ ಮೀಸಲು. ಯಾವ ಪಂಚಾಯಿತಿ ಈ ಸಲ ಮೀಸಲು ಅನ್ನೋದು ಊರಿನ ಗುಣ ನೋಡಿ ಅಲ್ಲ, ಸರದಿಯ ಮೇಲೆ. ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೋ ಅನ್ನುವ ಇಬ್ಬರು ಸಂಶೋಧಕರು ಪಶ್ಚಿಮ ಬಂಗಾಳ ಮತ್ತು ರಾಜಸ್ಥಾನದಲ್ಲಿ ಮೀಸಲಾದ ಪಂಚಾಯಿತಿಗಳನ್ನೂ ಆಗದವನ್ನೂ ಹೋಲಿಸಿ ನೋಡಿದರು. 2004ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಹೆಂಗಸರು ಅಧ್ಯಕ್ಷರಾದ ಕಡೆ ಎರಡೂ ರಾಜ್ಯದಲ್ಲಿ ಕುಡಿಯುವ ನೀರಿಗೆ ಹೆಚ್ಚು ಖರ್ಚಾಗಿತ್ತು. ರಸ್ತೆಗೆ ಬಂಗಾಳದಲ್ಲಿ ಹೆಚ್ಚು, ರಾಜಸ್ಥಾನದಲ್ಲಿ ಕಡಿಮೆ. ಆಯಾ ಊರಲ್ಲಿ ಹೆಂಗಸರು ಏನು ಬೇಕು ಅಂತ ಕೇಳುತ್ತಿದ್ದರೋ ಅದಕ್ಕೆ ಇದು ಹೊಂದುತ್ತಿತ್ತು. ಇವರಿಬ್ಬರೂ ಅರ್ಥಶಾಸ್ತ್ರದ ಹಿನ್ನೆಲೆಯವರು ಅನ್ನೋದು ನಿಜ. ಆದರೆ ಕೇಳಿದ ಪ್ರಶ್ನೆ ಪೂರ್ತಿ ರಾಜ್ಯಶಾಸ್ತ್ರದ್ದು: ಕುರ್ಚಿಯಲ್ಲಿ ಕೂತವರು ಬದಲಾದರೆ ಕೆಲಸ ಬದಲಾಗುತ್ತಾ?

ಇದರಲ್ಲಿ ನಮ್ಮ ರಾಜ್ಯಕ್ಕೆ ಒಂದು ಹೆಮ್ಮೆಯ ವಿಷಯ ಇದೆ, ನನಗೆ ತಂಗಿಯೇ ಹೇಳಿದ್ದು. 73ನೇ ತಿದ್ದುಪಡಿಗೂ ಮೊದಲೇ, ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಆಗಿದ್ದಾಗ, ಅಬ್ದುಲ್ ನಜೀರ್ ಸಾಬ್ ಮುತುವರ್ಜಿಯಿಂದ 1983ರ ಪಂಚಾಯತ್ ಕಾನೂನು ಬಂತು. ಅದರ ಕೆಳಗೆ 1987ರಲ್ಲಿ ನಡೆದ ಚುನಾವಣೆಯಲ್ಲಿ ಶೇ 25ರಷ್ಟು ಸ್ಥಾನ ಹೆಂಗಸರಿಗೆ ಮೀಸಲಾಗಿತ್ತು. ಹಳ್ಳಿ ಹಳ್ಳಿಗೆ ಬೋರ್‌ವೆಲ್ ಹಾಕಿಸಿದ್ದಕ್ಕೆ ಜನ ನಜೀರ್ ಸಾಬರನ್ನು "ನೀರ್ ಸಾಬ್" ಅನ್ನುತ್ತಿದ್ದರು. ನಮ್ಮೂರಿನ ಹಳೇ ಕೈಪಂಪು ನೋಡಿದಾಗ ನನಗೆ ಪಿಸ್ಟನ್, ವಾಲ್ವ್ ಕಾಣುತ್ತಿತ್ತು. ಅದರ ಹಿಂದೆ ಒಂದು ಕಾನೂನು ಮತ್ತು ಒಬ್ಬ ಮನುಷ್ಯನ ಹಟ ಇರಬಹುದು ಅಂತ ಹೊಳೆದೇ ಇರಲಿಲ್ಲ.

"ನಮಗೂ ಸಂವಿಧಾನದ ಪೇಪರ್ ಇದೆಯಲ್ಲ" ಅಂತ ನೀವು ಕೇಳಬಹುದು. ಇದೆ. ಒಂದು ಕ್ರೆಡಿಟ್. ಅದನ್ನು ನಾವು ಹೇಗೆ ಓದಿದೆವು ಅಂತ ನಮಗೇ ಗೊತ್ತು. ಪರೀಕ್ಷೆಯ ಹಿಂದಿನ ರಾತ್ರಿ ಪಿಡಿಎಫ್, ನಾಲ್ಕು ಆಪ್ಷನ್, ವಿಧಿಗಳ ನಂಬರ್ ಬಾಯಿಪಾಠ. ನಾನು ಒಳ್ಳೆ ಮಾರ್ಕ್ಸ್ ತಗೊಂಡೆ. 356ನೇ ವಿಧಿ ರಾಷ್ಟ್ರಪತಿ ಆಳ್ವಿಕೆ ಅಂತ ಟಿಕ್ ಹಾಕಿದೆ. ಅದನ್ನು ಎಷ್ಟು ಸಲೀಸಾಗಿ ಬಳಸುತ್ತಿದ್ದರು, ಸರ್ಕಾರಕ್ಕೆ ಬಹುಮತ ಇದೆಯೋ ಇಲ್ಲವೋ ಅನ್ನೋದು ಸದನದಲ್ಲೇ ತೀರ್ಮಾನ ಆಗಬೇಕು ಅಂತ 1994ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಪ್ರಕರಣ ನಮ್ಮದೇ ರಾಜ್ಯದ ಮುಖ್ಯಮಂತ್ರಿ ಆಗಿದ್ದ ಎಸ್.ಆರ್. ಬೊಮ್ಮಾಯಿ ಅವರ ಹೆಸರಲ್ಲಿದೆ ಅನ್ನೋದು ನನಗೆ ಗೊತ್ತಾಗಿದ್ದು ಈ ವರ್ಷ. ಇದು ಮೇಷ್ಟ್ರ ತಪ್ಪಲ್ಲ. ವಾರಕ್ಕೊಂದು ಗಂಟೆಯಲ್ಲಿ, ಲ್ಯಾಬ್ ರೆಕಾರ್ಡ್ ಬರೆಯುತ್ತಾ ಕೂತ ಅರವತ್ತು ಜನಕ್ಕೆ ಅವರಾದರೂ ಏನು ಹೇಳಿಯಾರು?

1989ರಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಅಂದರೆ ಈ ಮ್ಯಾಗಜಿನ್ ಓದುವ ಬಹುತೇಕ ಎಲ್ಲರೂ ಓಟು ಇರುವವರೇ. ಲೇಥ್ ಮುಟ್ಟಬೇಕಾದರೆ ಸೇಫ್ಟಿ ಪಾಠ, ಶೂ ಕಡ್ಡಾಯ. ಸರ್ಕಾರ ಮುಟ್ಟುವುದಕ್ಕೆ ಏನೂ ಬೇಡ.

ಈಗ ಅಪ್ಪನ ಮಾತಿಗೆ ಬರುತ್ತೇನೆ, ಯಾಕಂದ್ರೆ ಅವರ ಆತಂಕ ಸುಳ್ಳಲ್ಲ. ನಮ್ಮದು ಅರಸೀಕೆರೆ ಕಡೆಯ ತೆಂಗಿನ ತೋಟದ ಮನೆ. ನನ್ನ ಫೀಸಿಗೆ ಮಾಡಿದ ಸಾಲ ಇನ್ನೂ ಇದೆ. ಬಿಎ ಮುಗಿಸಿದ ತಕ್ಷಣ ಕ್ಯಾಂಪಸ್ಸಿಗೆ ಬಂದು ಕೆಲಸ ಕೊಡುವ ಕಂಪನಿ ಇಲ್ಲ. ಎಂಎ ಮಾಡಿ, ನೆಟ್ ಅಥವಾ ಕೆ-ಸೆಟ್ ಪಾಸಾದರೂ ಕಾಯಂ ಹುದ್ದೆಗೆ ಕಾಯಬೇಕು. ಸರ್ಕಾರಿ ಡಿಗ್ರಿ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರಾಗಿ ವರ್ಷಗಟ್ಟಲೆ ದುಡಿಯುತ್ತಿರುವವರನ್ನು ನಾವೆಲ್ಲ ನೋಡಿದ್ದೇವೆ. ಡಿಗ್ರಿ ಆದ ಮೇಲೆ ಮೂರು ವರ್ಷದ ಎಲ್‌ಎಲ್‌ಬಿ ಇದೆ, ಪತ್ರಿಕೋದ್ಯಮ ಇದೆ, ನೀತಿ ಸಂಶೋಧನೆ ಮಾಡುವ ಸಂಸ್ಥೆಗಳಿವೆ. ಆದರೆ ಯಾವುದರಲ್ಲೂ ಮೊದಲ ಸಂಬಳ ನಮ್ಮ ಸಾಫ್ಟ್‌ವೇರ್ ಗೆಳೆಯರದ್ದಕ್ಕೆ ಸಮ ಬರಲ್ಲ. ಐಎಎಸ್ ಆಗ್ತಾಳೆ ಬಿಡಿ ಅಂತ ಸಮಾಧಾನ ಹೇಳುವುದೂ ತಪ್ಪು. ಯುಪಿಎಸ್‌ಸಿ ಸಿವಿಲ್ ಸರ್ವಿಸಸ್‌ಗೆ ಅರ್ಜಿ ಹಾಕುವವರು ಹತ್ತು ಲಕ್ಷಕ್ಕೂ ಹೆಚ್ಚು, ಆಯ್ಕೆ ಆಗುವವರು ಸುಮಾರು ಒಂದು ಸಾವಿರ. ಅದು ಕೋರ್ಸ್ ಆಯ್ಕೆ ಮಾಡಿಕೊಳ್ಳೋಕೆ ಕಾರಣ ಆಗಬಾರದು. ರಾಜ್ಯಶಾಸ್ತ್ರ ಕಲಿಸುವ ರೀತಿಯಲ್ಲೂ ಕೊರತೆ ಇದೆ. ಪೀಠಿಕೆ, ಅರ್ಥ, ವ್ಯಾಖ್ಯೆ, ಉಪಸಂಹಾರ ಅಂತ ಗೈಡ್ ನೋಡಿ ಬರೆದು ಪಾಸಾಗುವವರು ಅಲ್ಲೂ ಇದ್ದಾರೆ, ನಮ್ಮಲ್ಲಿ ಪಾಸಿಂಗ್ ಪ್ಯಾಕೇಜ್ ಇರುವ ಹಾಗೆ.

ಇಷ್ಟೆಲ್ಲ ಇದ್ದರೂ ಒಂದು ವಿಚಿತ್ರ ನೋಡಿ. ಇತ್ತೀಚಿನ ವರ್ಷಗಳಲ್ಲಿ ಆ ಸಾವಿರ ಜನರಲ್ಲಿ ಇಂಜಿನಿಯರಿಂಗ್ ಓದಿದವರೇ ಹೆಚ್ಚು. ಅವರಲ್ಲಿ ಎಷ್ಟೋ ಜನ ಐಚ್ಛಿಕ ವಿಷಯವಾಗಿ ತೆಗೆದುಕೊಳ್ಳುವುದು ರಾಜ್ಯಶಾಸ್ತ್ರ ಮತ್ತು ಅಂತರರಾಷ್ಟ್ರೀಯ ಸಂಬಂಧ. ನಮ್ಮ ಸೀನಿಯರ್ ಒಬ್ಬರು ನಾಲ್ಕು ವರ್ಷ ಮೆಕ್ಯಾನಿಕಲ್ ಓದಿ, ಆಮೇಲೆ ಬೆಂಗಳೂರಿನ ವಿಜಯನಗರದಲ್ಲಿ ರೂಮ್ ಮಾಡಿಕೊಂಡು, ಕೋಚಿಂಗಿಗೆ ಲಕ್ಷ ರೂಪಾಯಿ ಕಟ್ಟಿ, ಪ್ಲೇಟೋ ಓದುತ್ತಿದ್ದಾರೆ. ಅದನ್ನು ಊರಲ್ಲಿ ಎಲ್ಲರೂ ಹೊಗಳುತ್ತಾರೆ. ಹದಿನೆಂಟು ವರ್ಷದ ಹುಡುಗಿ ಅದೇ ಪ್ಲೇಟೋನ ಸರ್ಕಾರಿ ಕಾಲೇಜಿನ ಫೀಸಲ್ಲಿ ಓದುತ್ತೀನಿ ಅಂದರೆ ಬುದ್ಧಿ ಹೇಳಬೇಕಾ?

ಕನ್ನಡ ಸಂಘದ ಮ್ಯಾಗಜಿನ್ ಆದ್ದರಿಂದ ಇನ್ನೊಂದು ಮಾತು. ನನ್ನ ಓದಿನ ಬಗ್ಗೆ ಅಪ್ಪನಿಗೆ ಹೇಳಬೇಕಾದರೆ ನನಗೆ ಪದ ಸಿಗಲ್ಲ. ಬೆಂಡಿಂಗ್ ಮೊಮೆಂಟ್, ಶಿಯರ್ ಫೋರ್ಸ್ ಅಂತ ಶುರುಮಾಡಿದರೆ ಅವರು "ಆಯ್ತು ಬಿಡಪ್ಪ" ಅಂತಾರೆ. ತಂಗಿ ಕನ್ನಡದಲ್ಲೇ ಉತ್ತರ ಬರೆಯುತ್ತಾಳೆ. ಸಾರ್ವಭೌಮತ್ವ, ಒಕ್ಕೂಟ, ಪಕ್ಷಾಂತರ ನಿಷೇಧ, ಕ್ಷೇತ್ರ ಪುನರ್ವಿಂಗಡಣೆ. ಈ ಪದಗಳು ಪೇಪರಲ್ಲೂ ಇವೆ, ಅಪ್ಪ ಕೂರುವ ಟೀ ಅಂಗಡಿಯಲ್ಲೂ ಇವೆ. ಪಕ್ಷಾಂತರ ನಿಷೇಧ ಕಾನೂನು 1985ರಲ್ಲಿ ಬಂದಿದ್ದರೂ ಶಾಸಕರು ಹೇಗೆ ರಾಜೀನಾಮೆ ಕೊಟ್ಟು ಮತ್ತೆ ಚುನಾವಣೆಗೆ ನಿಲ್ಲುತ್ತಾರೆ ಅಂತ ಹೋದ ದೀಪಾವಳಿಯಲ್ಲಿ ಅವಳು ವಿವರಿಸಿದಾಗ ಅಪ್ಪ ಪೂರ್ತಿ ಅರ್ಧ ಗಂಟೆ ಕೇಳಿಸಿಕೊಂಡರು. ನಡುನಡುವೆ ವಾದ ಮಾಡಿದರು. ನನ್ನ ಓದಿನ ಬಗ್ಗೆ ಅವರು ಒಮ್ಮೆಯೂ ವಾದ ಮಾಡಿಲ್ಲ. ತಾನು ಯಾರ ಬಗ್ಗೆ ಮಾತಾಡುತ್ತದೋ ಅವರ ಭಾಷೆಯಲ್ಲೇ ಇರುವ ಓದು ಅದು. ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು ಅಂತ ಒಪ್ಪಿಕೊಳ್ಳುತ್ತೇನೆ.

ಹಾಗಂತ ಇಂಜಿನಿಯರಿಂಗ್ ಬಿಟ್ಟು ಎಲ್ಲರೂ ಬಿಎ ಸೇರಿ ಅಂತ ನಾನು ಹೇಳುತ್ತಿಲ್ಲ. ಸೇತುವೆ ನಿಲ್ಲಬೇಕು, ಅದಕ್ಕೆ ನಾವು ಬೇಕು. ನಾನು ಕೇಳೋದು ಮೂರೇ. ಓಪನ್ ಎಲೆಕ್ಟಿವ್ ಆರಿಸಿಕೊಳ್ಳುವಾಗ ಸ್ಕೋರಿಂಗ್ ಯಾವುದು ಅಂತ ಮಾತ್ರ ನೋಡಬೇಡಿ. ನಮ್ಮಲ್ಲಿ ಇಲ್ಲದಿದ್ದರೆ ಎನ್‌ಪಿಟಿಇಎಲ್‌ನಲ್ಲಿ ರಾಜ್ಯಶಾಸ್ತ್ರದ ಕೋರ್ಸ್‌ಗಳಿವೆ, ಒಂದನ್ನಾದರೂ ಕೂತು ಕೇಳಿ. ಎರಡನೆಯದು, ಫೈನಲ್ ಇಯರ್ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಒಂದೇ ಒಂದು ಪುಟ ಸೇರಿಸಿ: ಇದನ್ನು ಬಳಸುವ ತೀರ್ಮಾನ ಯಾರದ್ದು, ಲಾಭ ಯಾರಿಗೆ, ಕಳೆದುಕೊಳ್ಳುವವರು ಯಾರು. ಹಾಜರಿಗೆ ಮುಖ ಗುರುತಿಸುವ ಕ್ಯಾಮೆರಾ ಪ್ರಾಜೆಕ್ಟ್ ಮಾಡುವ ಸಿಎಸ್ ಗೆಳೆಯರಿಗೂ ಇದು ಅನ್ವಯ. ಗೈಡ್ ಬೇಡ ಅಂದರೆ ನಿಮಗಾಗಿ ಬರೆದಿಟ್ಟುಕೊಳ್ಳಿ. ಮೂರನೆಯದು, ಊರಿಗೆ ಹೋದಾಗ ಒಂದು ಗ್ರಾಮಸಭೆಗೆ ಹೋಗಿ. ಪಿಡಿಒ ಓದುವ ಕ್ರಿಯಾಯೋಜನೆ ಕೇಳಿಸಿಕೊಳ್ಳಿ. ಯಾವ ಬೀದಿಗೆ ಚರಂಡಿ ಬಂತು, ಯಾವ ಬೀದಿಗೆ ಬರಲಿಲ್ಲ ಅಂತ ಗಮನಿಸಿ. ಆ ಚರಂಡಿಯ ಸ್ಲೋಪ್ ನಿಮಗೆ ಗೊತ್ತಿರುತ್ತೆ, ಉಳಿದದ್ದು ಅಲ್ಲಿ ಗೊತ್ತಾಗುತ್ತೆ.

ಮತ್ತೆ, ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಯಾರಾದರೂ ರಾಜ್ಯಶಾಸ್ತ್ರ ಓದುತ್ತೀನಿ ಅಂದು, ಇಂಜಿನಿಯರ್ ಅಂತ ನಿಮ್ಮನ್ನು ಬುದ್ಧಿ ಹೇಳೋಕೆ ಕರೆದರೆ, ಮೊದಲು ಅವರು ಯಾಕೆ ಅಂತ ಹೇಳುವುದನ್ನು ಕೇಳಿಸಿಕೊಳ್ಳಿ.

ಅವತ್ತು ರಾತ್ರಿ ನಾನು ಅಪ್ಪನಿಗೆ ವಾಪಸ್ ಫೋನ್ ಮಾಡಿದೆ. "ಏನಂದ್ಲು? ಒಪ್ಕೊಂಡ್ಲಾ?" ಅಂದರು. "ಅಪ್ಪ, ಅವಳು ಅದನ್ನೇ ಓದಲಿ" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ನೀನು ಅವಳಿಗೆ ಬುದ್ಧಿ ಹೇಳು ಅಂದ್ರೆ, ಅವಳೇ ನಿನಗೆ ಹೇಳಿ ಕಳಿಸಿದ್ಲಾ?"

ಹೂಂ ಅಂದೆ. ಅಪ್ಪ ಇನ್ನೂ ಪೂರ್ತಿ ಒಪ್ಪಿಲ್ಲ. ನೆಂಟರು ಕೇಳಿದರೆ "ಡಿಗ್ರಿ ಮಾಡ್ತಿದಾಳೆ" ಅಂತಷ್ಟೇ ಹೇಳುತ್ತಾರೆ, ಯಾವುದರಲ್ಲಿ ಅಂತ ಹೇಳಲ್ಲ. ಆದರೆ ಹೋದ ತಿಂಗಳು ನಮ್ಮೂರ ಗ್ರಾಮಸಭೆಗೆ ಹೋಗುವಾಗ ಅವಳನ್ನೂ ಕರೆದುಕೊಂಡು ಹೋಗಿದ್ದರಂತೆ. ನಮ್ಮ ಬೀದಿಯ ನೀರಿನ ಪೈಪಿನ ಬಗ್ಗೆ ಎದ್ದು ಪ್ರಶ್ನೆ ಕೇಳಿದ್ದು ಅವಳೇ ಅಂತೆ. ಪೈಪು ಎಷ್ಟು ಇಂಚಿನದು ಬೇಕು ಅಂತ ನನಗೆ ಫೋನ್ ಮಾಡಿ ಕೇಳಿದಳು, ಹೇಳಿದೆ. ಪೈಪು ಇನ್ನೂ ಬಂದಿಲ್ಲ.